ನಿಮಗಿದು ಗೊತ್ತೆ? ಬೀದಿಯ ಅಂದಕ್ಕಾಗಿ ನೆಲದಡಿ ಇಳಿದ ರೈಲು!

ಹಂಗೇರಿಯ ರಾಜಧಾನಿ ಬುಡಾಪೆಸ್ಟ್ 1873ರವರೆಗೆ ಒಂದೇ ಊರಾಗಿರಲಿಲ್ಲ. ಡ್ಯಾನ್ಯೂಬ್ ನದಿಯ ಒಂದು ದಡದಲ್ಲಿ ಬುಡಾ ಮತ್ತು ಓಬುಡಾ, ಎದುರು ದಡದಲ್ಲಿ ಪೆಸ್ಟ್. ಮೂರೂ ಸೇರಿದ ಮೇಲೆ ಊರು ಬೆಳೆದ ವೇಗ ನೋಡಿ: 1876ಕ್ಕೆ ಇಂದಿನ ಆಂದ್ರಾಶಿ ರಾಜಬೀದಿ, 1884ಕ್ಕೆ ಅದರ ಪಕ್ಕದಲ್ಲೇ ಒಪೆರಾ ಭವನ.

ಇಷ್ಟು ಚೆಂದದ ಬೀದಿಯಲ್ಲಿ ಟ್ರಾಮ್ ಹಳಿ ಹಾಕಿಸಲು ಆಡಳಿತಕ್ಕೆ ಮನಸ್ಸಾಗಲಿಲ್ಲ. ರೈಲನ್ನೇ ನೆಲದಡಿ ಇಳಿಸಿಬಿಟ್ಟರು! ಯುರೋಪಿನ ಮುಖ್ಯಭೂಮಿಯ ಮೊದಲ ವಿದ್ಯುತ್ ಸುರಂಗ ಮೆಟ್ರೊ ಓಡಿದ್ದು ಹೀಗೆ, 1896ರ ಮೇ ತಿಂಗಳಲ್ಲಿ. ಅಗೆತ ಶುರುವಾಗಿ ಎರಡು ವರ್ಷವೂ ತುಂಬಿರಲಿಲ್ಲ. ಹಂಗೇರಿಯನ್ನರು ಈ ನೆಲಕ್ಕೆ ಬಂದ ಸಾವಿರ ವರ್ಷದ ಉತ್ಸವ ಅದೇ ವರ್ಷವಿತ್ತು, ಅವಸರ ಅದಕ್ಕೆ. ಆ ಮಾರ್ಗ ಇಂದಿಗೂ ಬಳಕೆಯಲ್ಲಿದೆ.

ಇದಕ್ಕಿಂತ ಸೋಜಿಗವೆಂದರೆ ಇದೇ ಊರಿನ 1893ರ 'ಟೆಲಿಫೋನ್ ಪತ್ರಿಕೆ'. ಚಂದಾದಾರರು ಮನೆಯಲ್ಲೇ ಕುಳಿತು ರಿಸೀವರ್ ಕಿವಿಗಿಟ್ಟರೆ ಸುದ್ದಿ, ಷೇರು ದರ, ಸಂಜೆಯಾದರೆ ಒಪೆರಾ ಸಂಗೀತ! ರೇಡಿಯೊ ಪ್ರಸಾರ ಇನ್ನೂ ಕನಸಾಗಿದ್ದ ಕಾಲವದು. ಇದನ್ನು ಆರಂಭಿಸಿದ, ಎಡಿಸನ್ ಜೊತೆ ದುಡಿದಿದ್ದ ತಿವದಾರ್ ಪುಷ್ಕಾಶ್ ಮರುತಿಂಗಳೇ ತೀರಿಕೊಂಡ. ಸೇವೆ ಮಾತ್ರ ರೇಡಿಯೊ ಬಂದ ಮೇಲೂ ನಡೆಯಿತು.