ಒಳ್ಳೆಯ ಉದ್ಯೋಗ ಸಿಗುವವರೆಗೆ ಸಿಕ್ಕ ಕೆಲಸ: ಗಮನಿಸಬೇಕಾದ ಸಂಗತಿಗಳು

ಬಿ.ಕಾಂ. ಅಥವಾ ಇಂಜಿನಿಯರಿಂಗ್ ಮುಗಿಸಿದ ಮಕ್ಕಳು ಓದಿಗೆ ತಕ್ಕ ಉದ್ಯೋಗಕ್ಕಾಗಿ ವರ್ಷ, ಎರಡು ವರ್ಷ ಮನೆಯಲ್ಲೇ ಕಾಯುವುದು ಅನೇಕ ಕುಟುಂಬಗಳಲ್ಲಿ ಕಂಡುಬರುತ್ತಿದೆ. ನಡುವೆ ಅಂಗಡಿಯ ಲೆಕ್ಕ ಬರೆಯುವ ಕೆಲಸವೋ, ಖಾಸಗಿ ಶಾಲೆಯ ಪಾಠವೋ ಬಂದರೆ "ಇಷ್ಟು ಓದಿ ಇದಕ್ಕೆ ಹೋಗುವುದೇ? ಸಂಬಂಧ ನೋಡಲು ಬಂದವರಿಗೆ ಏನು ಹೇಳುವುದು?" ಎಂದು ಹಿರಿಯರೇ ತಡೆಯುವುದುಂಟು. ತಡೆಯುವ ಮೊದಲು ಲಾಭ ನಷ್ಟ ಎರಡನ್ನೂ ತೂಗಿ ನೋಡುವುದು ಒಳಿತು.

ಲಾಭವೆಂದರೆ, ಪರೀಕ್ಷೆ ಶುಲ್ಕಕ್ಕೂ ಬಸ್ ಖರ್ಚಿಗೂ ಮನೆಯವರ ಮುಂದೆ ಕೈಚಾಚಬೇಕಿಲ್ಲ. ಸಂದರ್ಶನದಲ್ಲಿ "ಇಷ್ಟು ದಿನ ಏನು ಮಾಡುತ್ತಿದ್ದಿರಿ?" ಎಂಬ ಪ್ರಶ್ನೆಗೆ ಉತ್ತರವಿರುತ್ತದೆ. ಟ್ಯಾಲಿ, ಜಿಎಸ್‌ಟಿ, ಗಿರಾಕಿಗಳೊಡನೆ ಮಾತು ಇವು ಎಲ್ಲಿ ಹೋದರೂ ಬೇಕಾಗುವ ವಿದ್ಯೆ. ನಷ್ಟವೆಂದರೆ ಸಮಯ. ದಿನಕ್ಕೆ ಹನ್ನೆರಡು ತಾಸು ದುಡಿಸುವ ಕೆಲಸ ಹಿಡಿದರೆ ಓದಿಗೂ ಅರ್ಜಿಗೂ ಬಿಡುವಿರದು. ತಾತ್ಕಾಲಿಕವೆಂದು ಹಿಡಿದದ್ದೇ ಕಾಯಂ ಆಗಿಬಿಡುತ್ತದೆ. ಆದ್ದರಿಂದ ಎಷ್ಟು ತಿಂಗಳು ಎಂಬುದನ್ನು ಮೊದಲೇ ಗೊತ್ತುಮಾಡಿಕೊಂಡು, ಓದಿನ ಹೊತ್ತನ್ನು ಬಿಟ್ಟುಕೊಡದಿರಬೇಕು.

ಸೇರುವಾಗ ನೇಮಕಾತಿ ಪತ್ರ ಕೇಳಿ ಪಡೆಯಬೇಕು. ಮೂಲ ಅಂಕಪಟ್ಟಿಗಳನ್ನು ತೋರಿಸಬೇಕೇ ಹೊರತು ಅಲ್ಲಿ ಒತ್ತೆ ಇಡಬಾರದು. ಬಾಂಡ್ ಇದ್ದರೆ ಪೂರ್ತಿ ಓದಬೇಕು. ಸಾರ್ವಜನಿಕ ವಲಯದ ಬ್ಯಾಂಕೊಂದರಲ್ಲಿ ಮೂರು ವರ್ಷ ಪೂರೈಸದೆ ಬಿಟ್ಟರೆ 2 ಲಕ್ಷ ರೂ. ಕಟ್ಟಬೇಕೆಂಬ ಷರತ್ತನ್ನು ಸುಪ್ರೀಂ ಕೋರ್ಟ್ 2025ರ ಮೇ ತಿಂಗಳಲ್ಲಿ ಎತ್ತಿಹಿಡಿದಿದೆ. ಎಲ್ಲ ಬಾಂಡ್‌ಗಳೂ ಸಿಂಧು ಎಂದು ಇದರ ಅರ್ಥವಲ್ಲ. ಆದರೆ "ಬಾಂಡ್ ಬರೀ ಹೆಸರಿಗೆ" ಎಂಬ ಮಾತು ನಂಬಿ ಸಹಿ ಹಾಕಬಾರದು.

ಭವಿಷ್ಯ ನಿಧಿ ಇರುವ ಕಡೆ ಯುಎಎನ್ ಸಂಖ್ಯೆ ಸಿಗುತ್ತದೆ. ಮುಂದಿನ ಕೆಲಸಕ್ಕೂ ಅದೇ ಸಂಖ್ಯೆ ಕೊಟ್ಟು ಹಣ ವರ್ಗಾಯಿಸಿಕೊಳ್ಳಬೇಕು. ಐದು ವರ್ಷದ ಸೇವೆ ತುಂಬುವ ಮೊದಲು ಹಿಂಪಡೆದ ಹಣಕ್ಕೆ ಸಾಮಾನ್ಯವಾಗಿ ಆದಾಯ ತೆರಿಗೆ ಅನ್ವಯಿಸುತ್ತದೆ. ಪಿಂಚಣಿಗೆ ಬೇಕಾದ 10 ವರ್ಷದ ಸೇವೆಯಲ್ಲಿ ಈ ಸಣ್ಣ ಕೆಲಸದ ತಿಂಗಳುಗಳೂ ಸೇರುತ್ತವೆ.

ರಾಜ್ಯದ ಯುವನಿಧಿ ಯೋಜನೆಯಲ್ಲಿ ನಿರುದ್ಯೋಗಿ ಪದವೀಧರರಿಗೆ ತಿಂಗಳಿಗೆ 3,000 ರೂ., ಡಿಪ್ಲೊಮಾ ಆದವರಿಗೆ 1,500 ರೂ. ಗರಿಷ್ಠ ಎರಡು ವರ್ಷ ಸಿಗುತ್ತದೆ. ಕೆಲಸ ಸಿಕ್ಕ ಮೇಲೆ ಇದಕ್ಕೆ ಅರ್ಹತೆ ಇಲ್ಲ. ಮುಚ್ಚಿಟ್ಟು ಪಡೆಯುವುದು ತಪ್ಪು.

ಮನೆಯ ಅಂಗಡಿಯಲ್ಲೇ ಕೂರುವ ಮಕ್ಕಳಿಗೂ ಗೊತ್ತಾದ ಹೊಣೆ ಒಪ್ಪಿಸಿ, ಸಂಬಳವನ್ನು ಬ್ಯಾಂಕ್ ಖಾತೆಗೇ ಹಾಕುವುದು ಲೇಸು. ಮುಂದೆ ಅನುಭವಕ್ಕೆ ದಾಖಲೆ ಇರುತ್ತದೆ.

ಬಿಡುವಾಗಲೂ ಕ್ರಮವಿರಲಿ. ಮಾರ್ಚ್ ತಿಂಗಳಲ್ಲಿ ಲೆಕ್ಕ ಅರ್ಧಕ್ಕೆ ಬಿಟ್ಟು ಹೇಳದೆ ಹೋದರೆ ಮಾಲೀಕರಿಗೆ ಸಂಕಟ. ಮುಂದಿನ ವರ್ಷ ಅದೇ ಬಾಗಿಲಿಗೆ ಬರುವ ಇನ್ನೊಬ್ಬ ಹುಡುಗನಿಗೂ ತೊಂದರೆ. ಒಪ್ಪಿದಷ್ಟು ದಿನ ಮೊದಲೇ ತಿಳಿಸಿ, ಕೆಲಸ ಒಪ್ಪಿಸಿ, ಅನುಭವ ಪತ್ರ ಪಡೆದು ಹೊರಡಬೇಕು.