ಗೇಣುದ್ದದ ಸೂಪರ್ ಕಾರು: ಕೊಳ್ಳುವ ಮುನ್ನ ತಿರುಗಿಸಿ ನೋಡಿ

ದಸರಾ ಹತ್ತಿರ ಬಂತೆಂದರೆ ಮೈಸೂರಿನ ಮನೆಗಳಲ್ಲಿ ಅಟ್ಟದ ಮೇಲಿನ ಗೊಂಬೆ ಪೆಟ್ಟಿಗೆ ಕೆಳಗಿಳಿಯುತ್ತದೆ. ಪಟ್ಟದ ಗೊಂಬೆ, ದಶಾವತಾರದ ಸೆಟ್ಟು, ಚನ್ನಪಟ್ಟಣದ ಅರಗಿನ ಗೊಂಬೆ ಎಲ್ಲವೂ ತಮ್ಮ ತಮ್ಮ ಮೆಟ್ಟಿಲು ಹತ್ತಿ ಕೂರುತ್ತವೆ. ಆದರೆ ಕೆಳಗಿನ ಪಾರ್ಕಿನತ್ತ ಸ್ವಲ್ಪ ನೋಡಿ. ರಾಗಿ ಪೈರಿನ ಪಕ್ಕದ ರಸ್ತೆಯಲ್ಲಿ ಕೆಂಪು ಫೆರಾರಿ, ಹಳದಿ ಲ್ಯಾಂಬೊರ್ಗಿನಿ! ಮಗನದೋ, ಮನೆಯವರದೋ, ಅಂತೂ ಹಲವು ಮನೆಗಳ ಶೋಕೇಸಿಗೆ ಈ ಪುಟ್ಟ ಲೋಹದ ಕಾರುಗಳು ಲಗ್ಗೆ ಇಟ್ಟಾಗಿದೆ.

ಬಿಲ್ಲು ನೋಡಿದಾಗ ಶುರುವಾಗುತ್ತದೆ ತಕರಾರು. 'ಏನ್ರೀ, ಗೇಣುದ್ದದ ಕಾರಿಗೆ ಐದು ಸಾವಿರವಾ? ಆಟದ ಸಾಮಾನು ತಾನೆ?' ಅಂತ ನೀವು. 'ಇದು ಆಟದ್ದಲ್ಲ ಕಣೇ, ಕಲೆಕ್ಷನ್‌ದು. ನಿಂಗೆ ಗೊತ್ತಾಗಲ್ಲ ಬಿಡು' ಅಂತ ಅವರು.

ಗೊತ್ತಾಗಲ್ಲ ಅಂದವರು ಯಾರು? ಮೈಸೂರು ರೇಷ್ಮೆಯ ಸೆರಗನ್ನು ಹಿಂದೆ ಮುಂದೆ ತಿರುವಿ ಜರಿ ನೋಡುವ ಕಣ್ಣು ನಿಮ್ಮದು. ದೇವರಾಜ ಮಾರ್ಕೆಟ್ಟಿನಲ್ಲಿ ಬದನೆಕಾಯಿ ಕೈಗೆ ತಗೊಂಡರೆ ಎಳೆಯದೋ ಬಲಿತದ್ದೋ ಹೇಳಬಲ್ಲಿರಿ. ಕಾರಿಗೂ ಅದೇ ಕಣ್ಣು ಸಾಕು. ಎಲ್ಲಿ ನೋಡಬೇಕು ಅನ್ನೋದು ಗೊತ್ತಿದ್ದರೆ ಆಯಿತು.

ಆಡೋಕಾ, ಇಡೋಕಾ?

ಮೊದಲು ಕೇಳಿಕೊಳ್ಳಬೇಕಾದ ಪ್ರಶ್ನೆ ಇದೊಂದೇ. ಆಡುವ ಕಾರಿಗೂ ಇಡುವ ಕಾರಿಗೂ ಗುಣಮಟ್ಟದ ಅಳತೆ ಬೇರೆ. ಮಗುವಿನ ಕೈಗೆ ಕೊಡುವ ಕಾರು ಬಿದ್ದರೆ ಮುರಿಯಬಾರದು, ಚೂಪಾದ ಅಂಚು ಇರಬಾರದು, ಬಣ್ಣ ಏಳಬಾರದು. ಶೋಕೇಸಿಗೆ ಇಡುವ ಕಾರಿನಲ್ಲಾದರೋ ಕೂದಲೆಳೆಯಂಥ ವೈಪರ್, ಕಡ್ಡಿಯಂಥ ಕನ್ನಡಿ ಇರುವುದೇ ಚೆಂದ. ಅದನ್ನು ಮಗುವಿನ ಕೈಗೆ ಕೊಟ್ಟರೆ ಅರ್ಧ ಗಂಟೆಯಲ್ಲಿ ಕನ್ನಡಿ ಕಿತ್ತು ಬರುತ್ತದೆ, ಅದು ಬಾಯಿಗೂ ಹೋಗಬಹುದು. ಮೂರು ವರ್ಷದೊಳಗಿನ ಮಕ್ಕಳಿರುವ ಮನೆಯಲ್ಲಂತೂ ಈ ಎಚ್ಚರ ಬೇಕೇ ಬೇಕು.

ಇದಕ್ಕೆ ಕಾನೂನೂ ಇದೆ. 2021ರ ಜನವರಿ 1ರಿಂದ ನಮ್ಮ ದೇಶದಲ್ಲಿ 14 ವರ್ಷದೊಳಗಿನ ಮಕ್ಕಳು ಆಡುವ ಆಟಿಕೆಗೆ ಐಎಸ್‌ಐ ಮುದ್ರೆ ಕಡ್ಡಾಯ. ಹಾಗಾಗಿ ಆಡುವುದಕ್ಕಾದರೆ ಡಬ್ಬಿಯ ಮೇಲೆ ಐಎಸ್‌ಐ ಗುರುತು ಹುಡುಕಿ. 'ದೊಡ್ಡವರ ಸಂಗ್ರಹಕ್ಕೆ', '14 ವರ್ಷ ಮೇಲ್ಪಟ್ಟವರಿಗೆ' ಎಂದು ಬರೆದಿದ್ದರೆ ಅದು ಆಟಿಕೆಯೇ ಅಲ್ಲ, ಅಲಂಕಾರದ ವಸ್ತು ಅಂತ ತಿಳಿಯಿರಿ. ಐದು ವರ್ಷದ ಮಗನ ಹುಟ್ಟುಹಬ್ಬಕ್ಕೆ ಅಂಥದ್ದನ್ನು ಕೊಂಡರೆ ದುಡ್ಡೂ ದಂಡ, ಆಮೇಲೆ ಮಗುವಿಗೆ ಬೈಗುಳವೂ ತಪ್ಪಿದ್ದಲ್ಲ.

ಭಾರ ಇದ್ದರೆ ಒಳ್ಳೆಯದಾ?

ಡೈಕಾಸ್ಟ್ ಎಂದರೆ ಕರಗಿದ ಲೋಹವನ್ನು ಉಕ್ಕಿನ ಅಚ್ಚಿಗೆ ಒತ್ತಡದಿಂದ ತುಂಬಿ ಎರಕ ಹೊಯ್ಯುವುದು. ಸತುವಿಗೆ ಸ್ವಲ್ಪ ಅಲ್ಯೂಮಿನಿಯಂ, ಮೆಗ್ನೀಸಿಯಂ, ತಾಮ್ರ ಬೆರೆಸಿದ ಮಿಶ್ರಲೋಹವನ್ನು ಬಳಸುತ್ತಾರೆ. ಇದಕ್ಕೆ 'ಜಮಾಕ್' ಎಂದು ಹೆಸರು. ಇದರಲ್ಲಿ ಕಬ್ಬಿಣ ಇಲ್ಲದ ಕಾರಣ ಅಯಸ್ಕಾಂತ ಅಂಟುವುದಿಲ್ಲ. 'ಮ್ಯಾಗ್ನೆಟ್ ಹಿಡಿಯಲಿಲ್ಲ, ಇದು ಪ್ಲಾಸ್ಟಿಕ್ಕು' ಅಂತ ಅಂಗಡಿಯವನ ಜೊತೆ ಜಗಳಕ್ಕೆ ನಿಲ್ಲಬೇಡಿ! ಮುಟ್ಟಿದರೆ ತಣ್ಣಗಿರುವುದೇ ಲೋಹದ ಗುರುತು.

ಹೆಚ್ಚು ಭಾರ ಇದ್ದಷ್ಟೂ ಒಳ್ಳೆಯದು ಅನ್ನೋದೂ ಪೂರ್ತಿ ಸರಿಯಲ್ಲ. ಲೋಹದ ಗೋಡೆ ದಪ್ಪವಾದರೆ ಬಾಗಿಲಿನ ಅಂಚು, ಗಾಳಿ ಹೋಗುವ ಜಾಲರಿ ಎಲ್ಲವೂ ಮೊಂಡಾಗುತ್ತವೆ. ದುಬಾರಿ ಮಾದರಿಗಳಿಗೆ ಹೆಸರಾದ ಆಟೋಆರ್ಟ್ ಕಂಪನಿ ಕೂಡ ಸುಮಾರು 2013ರಿಂದೀಚೆಗೆ ಹಲವು ಕಾರುಗಳ ಮೈಯನ್ನು ಗಟ್ಟಿ ಪ್ಲಾಸ್ಟಿಕ್ಕಿನಲ್ಲಿ, ಒಳಗಿನ ಚಾಸಿಯನ್ನು ಲೋಹದಲ್ಲಿ ಮಾಡುತ್ತಿದೆ. ರೆಸಿನ್ ಎನ್ನುವ ಎರಕದ ರಾಳದ ಕಾರುಗಳೂ ಇವೆ. ಹೆಚ್ಚಿನವುಗಳ ಬಾಗಿಲು ತೆರೆಯುವುದಿಲ್ಲ, ಆದರೆ ಹೊರಗಿನ ಗೆರೆಗಳು ಬಲು ಚೂಪು. ಆದ್ದರಿಂದ ತೂಕ ನೋಡಿ, ಆದರೆ ತೂಕವೊಂದನ್ನೇ ನಂಬಬೇಡಿ.

ಅಳತೆಯ ಲೆಕ್ಕ

ಡಬ್ಬಿಯ ಮೇಲೆ 1:18, 1:43, 1:64 ಎಂದು ಬರೆದಿರುತ್ತದೆ. 1:18 ಅಂದರೆ ನಿಜವಾದ ಕಾರಿನ ಹದಿನೆಂಟನೇ ಒಂದು ಭಾಗ. ನಾಲ್ಕೂವರೆ ಮೀಟರ್ ಕಾರು ಈ ಅಳತೆಯಲ್ಲಿ ಸುಮಾರು 25 ಸೆಂ.ಮೀ. ಆಗುತ್ತದೆ. 1:43 ಆದರೆ ಹತ್ತು ಸೆಂ.ಮೀ., 1:64 ಆದರೆ ಏಳು ಸೆಂ.ಮೀ. ಗೊಂಬೆ ಕೂರಿಸುವವರಿಗೆ ಇನ್ನೊಂದು ಕಿವಿಮಾತು: 9-10 ಸೆಂ.ಮೀ. ಎತ್ತರದ ಗೊಂಬೆಯ ಪಕ್ಕಕ್ಕೆ 1:18 ಕಾರು ಸರಿಹೊಂದುತ್ತದೆ. ಚಿಕ್ಕ ಕಾರು ಇಟ್ಟರೆ ಗೊಂಬೆ ರಾಕ್ಷಸನಂತೆ ಕಾಣುತ್ತದೆ.

ಕಣ್ಣು ಎಲ್ಲಿ ಹಾಯಿಸಬೇಕು?

* ನಿಲುವು: ಕಾರನ್ನು ಕಣ್ಣಿನ ಮಟ್ಟಕ್ಕೆ ಹಿಡಿದು ಪಕ್ಕದಿಂದ ನೋಡಿ. ಸೂಪರ್ ಕಾರು ನೆಲಕ್ಕೆ ಅಂಟಿದಂತೆ ಕೂತಿರಬೇಕು. ಚಕ್ರದ ಮೇಲೆ ಬೆರಳು ತೂರುವಷ್ಟು ಜಾಗ ಇದ್ದು ಜೀಪಿನ ಹಾಗೆ ಎದ್ದು ನಿಂತಿದ್ದರೆ ಅಚ್ಚು ಮಾಡಿದವರು ಅವಸರ ಮಾಡಿದ್ದಾರೆ.

* ಸಂದು: ಬಾಗಿಲು, ಬಾನೆಟ್, ಡಿಕ್ಕಿಯ ಸುತ್ತಲಿನ ಗೆರೆ ಎಲ್ಲ ಕಡೆ ಒಂದೇ ಅಗಲ ಇರಬೇಕು. ಬೀರುವಿನ ಬಾಗಿಲು ಓರೆಯಾಗಿದ್ದರೆ ನಿಮಗೆ ತಟ್ಟನೆ ಕಾಣುತ್ತದಲ್ಲ, ಹಾಗೆಯೇ ಇದು. ಬಾಗಿಲು ತೆಗೆದು ಹಾಕಿ ನೋಡಿ. ಬಿಗಿಯಾಗಿ ಕೂರಬೇಕು, ಜೋತಾಡಬಾರದು.

* ಬಣ್ಣ: ಕಿಟಕಿಯ ಬೆಳಕಿಗೆ ಹಿಡಿಯಿರಿ. ಕಿತ್ತಳೆ ಸಿಪ್ಪೆಯಂತೆ ತರಿತರಿಯಾಗಿದೆಯಾ? ಧೂಳಿನ ಚುಕ್ಕೆ ಇದೆಯಾ? ಅಂಚಿನಲ್ಲಿ ಲೋಹ ಇಣುಕುತ್ತಿದೆಯಾ? ಬಣ್ಣ ದಪ್ಪವಾಗಿ ಬಳಿದರೆ ಸಣ್ಣ ಗೆರೆಗಳೆಲ್ಲ ಮುಚ್ಚಿಹೋಗುತ್ತವೆ. ಪ್ಲಾಸ್ಟಿಕ್ ಬಂಪರಿನ ಬಣ್ಣ, ಲೋಹದ ಮೈಬಣ್ಣ ಎರಡೂ ಒಂದೇ ಛಾಯೆ ಇರಬೇಕು. ಬ್ಲೌಸ್ ಪೀಸಿಗೆ ಮ್ಯಾಚಿಂಗ್ ನೋಡಿದಂತೆ ನೋಡಿ.

* ಚಕ್ರ: ಜಾಣತನದ ಪರೀಕ್ಷೆ ಇಲ್ಲಿದೆ. ಚಕ್ರದ ಸಂದಿನಲ್ಲಿ ಬ್ರೇಕಿನ ತಟ್ಟೆ, ಅದನ್ನು ಕಚ್ಚಿ ಹಿಡಿದ ಕ್ಯಾಲಿಪರ್ ಕಾಣುತ್ತದೆ. ಹೆಚ್ಚಾಗಿ ಕೆಂಪು, ಹಳದಿ ಬಣ್ಣದ ತುಂಡು ಅದು. ಚಕ್ರ ತಿರುಗಿಸಿ. ನಿಜವಾದ ಕಾರಿನಲ್ಲಿ ಕ್ಯಾಲಿಪರ್ ತಿರುಗುವುದಿಲ್ಲ. ಮಾದರಿಯಲ್ಲೂ ಅದು ಅಲ್ಲೇ ನಿಂತಿದ್ದರೆ ಕೆಲಸ ಶ್ರದ್ಧೆಯದು. ಚಕ್ರದ ಜೊತೆ ಗಿರಗಿರನೆ ಸುತ್ತಿದರೆ ಅದು ಅಗ್ಗದ ದಾರಿ. ಐದು ಸಾವಿರದ ಕಾರಿನಲ್ಲಿ ಇದು ಕಂಡರೆ ಚೌಕಾಸಿ ಮಾಡಲು ನಿಮಗೆ ಒಳ್ಳೆ ನೆಪ.

* ದೀಪ: ಹೆಡ್‌ಲೈಟಿನ ನಡುವೆ ದಪ್ಪ ಮೊಳೆಯಂಥ ಚುಕ್ಕೆ ಕಂಡರೆ ಅಗ್ಗದ ಕೆಲಸ. ಒಳ್ಳೆಯದರಲ್ಲಿ ಗಾಜಿನಂಥ ಹೊದಿಕೆಯ ಹಿಂದೆ ಬಲ್ಬಿನ ಬಟ್ಟಲು ಬೇರೆಯಾಗಿ ಕಾಣುತ್ತದೆ.

* ಒಳಗೆ: ಸೀಟು ಬೆಲ್ಟು ಬಟ್ಟೆಯದೋ, ಅಚ್ಚು ಹಾಕಿದ್ದೋ? ನೆಲಕ್ಕೆ ಕಾರ್ಪೆಟ್ಟಿನಂಥ ನವಿರು ಇದೆಯೋ? ಮೀಟರಿನ ಅಂಕಿಗಳು ಓದಲು ಬರುತ್ತವೆಯೋ?

* ತಳ: ಮಗುಚಿ ನೋಡದೆ ಕೊಳ್ಳಬೇಡಿ. ತಯಾರಕರ ಹೆಸರು, ಕಾರಿನ ಹೆಸರು, ಅಳತೆ, ತಯಾರಾದ ದೇಶ ಸ್ಪಷ್ಟವಾಗಿ ಅಚ್ಚಾಗಿರಬೇಕು. ಡಬ್ಬಿಯ ಮೇಲೆ ಕಾರು ಕಂಪನಿಯಿಂದ ಪರವಾನಗಿ ಪಡೆದದ್ದು ಎಂಬ ಸಾಲು ಇರಬೇಕು. ಹೆಸರಿನಲ್ಲಿ ಒಂದು ಅಕ್ಷರ ಆಚೀಚೆ ಆಗಿದ್ದರೂ ನಕಲಿ ಎಂದು ಅನುಮಾನಿಸಿ.

ಅಸಲಿ ಕಾರಿನ ಫೋಟೋ ಜೊತೆಗಿಟ್ಟುಕೊಂಡು ಹೋಗಿ

ಅಂಗಡಿಗೆ ಹೋಗುವ ಮುನ್ನ ಮೊಬೈಲಿನಲ್ಲಿ ನಿಜವಾದ ಕಾರಿನ ನಾಲ್ಕು ಫೋಟೋ ಇಟ್ಟುಕೊಳ್ಳಿ. 1987ರ ಫೆರಾರಿ ಎಫ್40 ಆದರೆ ಹಿಂದೆ ನಡುಮಧ್ಯದಲ್ಲಿ ಮೂರು ಹೊಗೆಕೊಳವೆ ಇರಬೇಕು. ಲ್ಯಾಂಬೊರ್ಗಿನಿ ಕೌಂಟಾಷ್ ಆದರೆ ಬಾಗಿಲು ಪಕ್ಕಕ್ಕಲ್ಲ, ಮೇಲಕ್ಕೆ ಏಳಬೇಕು. ಮೆಕ್‌ಲಾರೆನ್ ಎಫ್1 ಆದರೆ ಡ್ರೈವರ್ ಸೀಟು ನಟ್ಟನಡುವೆ, ಅಕ್ಕಪಕ್ಕ ಎರಡು ಸೀಟು. ಇಂಥ ಒಂದು ಗುರುತು ಗೊತ್ತಿದ್ದು ಕೇಳಿದರೆ ಅಂಗಡಿಯವರ ಮಾತಿನ ಧಾಟಿಯೇ ಬದಲಾಗುತ್ತದೆ, ನೋಡಿ ಬೇಕಾದರೆ!

ಕಣ್ಣು ಪಳಗಿಸಲು ಒಂದು ಭಾನುವಾರ ಮಕ್ಕಳನ್ನು ಶ್ರೀರಂಗಪಟ್ಟಣದ ಬಳಿಯ 'ಪಯಣ' ಕಾರು ವಸ್ತುಸಂಗ್ರಹಾಲಯಕ್ಕೆ ಕರೆದುಕೊಂಡು ಹೋಗಿ. ಧರ್ಮಸ್ಥಳದ ಡಾ. ಡಿ. ವೀರೇಂದ್ರ ಹೆಗ್ಗಡೆಯವರ ಸಂಗ್ರಹದ ಹಳೆಯ ಕಾರುಗಳು ಅಲ್ಲಿವೆ. ಅವು ಸೂಪರ್ ಕಾರುಗಳಲ್ಲ, ನಿಜ. ಆದರೆ ಬಾಗಿಲ ಸಂದು ಹೇಗಿರುತ್ತದೆ, ಕ್ರೋಮಿನ ಹೊಳಪು ಹೇಗಿರುತ್ತದೆ ಅನ್ನೋದನ್ನು ಒಮ್ಮೆ ಹತ್ತಿರದಿಂದ ನೋಡಿದರೆ ಮಾದರಿಯ ತಪ್ಪು ತಾನಾಗಿಯೇ ಕಾಣತೊಡಗುತ್ತದೆ.

ಯಾವ ಬೆಲೆಗೆ ಏನು ನಿರೀಕ್ಷಿಸಬಹುದು?

ಹಾಟ್ ವೀಲ್ಸ್‌ನ ಸಾಮಾನ್ಯ ಕಾರು ಇನ್ನೂರು ರೂಪಾಯಿಯ ಆಸುಪಾಸಿನಲ್ಲಿ ಸಿಗುತ್ತದೆ. ಅದರಲ್ಲಿ ಪ್ಲಾಸ್ಟಿಕ್ ಚಕ್ರ, ಬಹಳಷ್ಟರಲ್ಲಿ ಪ್ಲಾಸ್ಟಿಕ್ ತಳ ಇರುತ್ತದೆ, ಅದು ದೋಷವಲ್ಲ. ಅದೇ ಕಂಪನಿಯ ದುಬಾರಿ ಸಾಲಿನಲ್ಲಿ ರಬ್ಬರ್ ಟೈರು, ಲೋಹದ ತಳ ಇರುತ್ತವೆ. 1:18ರಲ್ಲಿ ಮೈಸ್ಟೊ, ಬುರಾಗೊ ಸಾಮಾನ್ಯ ಸಂಸಾರದ ಬಜೆಟ್ಟಿನವು. ಇಟಲಿಯ ಬುರಾಗೊ 2005ರಲ್ಲಿ ಬಾಗಿಲು ಹಾಕಿತು. ಆಮೇಲೆ ಆ ಹೆಸರು ಮೈಸ್ಟೊದ ಒಡೆಯರಾದ ಹಾಂಗ್‌ಕಾಂಗ್‌ನ ಗುಂಪಿಗೇ ಸೇರಿತು. ಆದ್ದರಿಂದ ಈ ಎರಡರ ನಡುವೆ ಹೆಸರಿಗಾಗಿ ಹೆಚ್ಚು ದುಡ್ಡು ಕೊಡುವ ಅಗತ್ಯವಿಲ್ಲ, ಕೈಗೆ ಬಂದ ಕಾರನ್ನೇ ನೋಡಿ ಆರಿಸಿ. ಆಟೋಆರ್ಟ್‌ನಂಥ ಮೇಲಿನ ದರ್ಜೆಯದು ಇಪ್ಪತ್ತು ಸಾವಿರ ದಾಟುವುದೂ ಉಂಟು. ಆ ಬೆಲೆಗೆ ಮೇಲೆ ಹೇಳಿದ ಪಟ್ಟಿಯಲ್ಲಿ ಒಂದೂ ತಪ್ಪಬಾರದು.

'ಮುಂದೆ ಹತ್ತು ಪಟ್ಟು ಆಗುತ್ತೆ!'

ಮನೆಯವರು ಹೀಗೆ ಹೇಳಿದರೆ ಸ್ವಲ್ಪ ತಡೆಯಿರಿ. ಹಾಟ್ ವೀಲ್ಸ್ 1995ರಿಂದ 'ಟ್ರೆಷರ್ ಹಂಟ್' ಎಂಬ ಅಪರೂಪದ ಕಾರುಗಳನ್ನು ಸಾಮಾನ್ಯ ಕಾರುಗಳ ನಡುವೆ ಬೆರೆಸಿ ಕಳಿಸುತ್ತದೆ. 2007ರಿಂದ ಅದರಲ್ಲೇ ಇನ್ನೂ ವಿರಳವಾದ 'ಸೂಪರ್ ಟ್ರೆಷರ್ ಹಂಟ್' ಬಂತು, ಹೊಳೆಯುವ ವಿಶೇಷ ಬಣ್ಣ, ರಬ್ಬರ್ ಟೈರಿನದು. ಇವಕ್ಕೆ ಸಂಗ್ರಹಕಾರರು ಹೆಚ್ಚು ಬೆಲೆ ಕೊಡುತ್ತಾರೆ ನಿಜ. ಆದರೆ ಕೊಟ್ಯಂತರ ಸಂಖ್ಯೆಯಲ್ಲಿ ಬರುವ ಸಾಮಾನ್ಯ ಕಾರಿಗೆ ಆ ಯೋಗವಿಲ್ಲ. ಅಪರೂಪದ್ದು ಅಂತ ಮಾರುವವರಲ್ಲಿ ಮೋಸವೂ ಉಂಟು. ಪ್ಲಾಸ್ಟಿಕ್ ಗುಳ್ಳೆ ರಟ್ಟಿಗೆ ಅಂಟಿದ ಅಂಚು ನೋಡಿ. ಅಲ್ಲಿ ಹೊಸ ಗೋಂದು, ಹರಿದ ರಟ್ಟು ಕಂಡರೆ ಒಳಗಿನ ಕಾರು ಬದಲಾಗಿರಬಹುದು. ಚಿನ್ನ, ಆರ್‌ಡಿ ಹಾಗೆ ಇದನ್ನು ಉಳಿತಾಯದ ಲೆಕ್ಕಕ್ಕೆ ಹಾಕಬೇಡಿ. ಖುಷಿಯ ಖರ್ಚು ಅಂತ ತಿಂಗಳಿಗೆ ಇಷ್ಟು ಎಂದು ಇಬ್ಬರೂ ಕೂತು ಗೊತ್ತು ಮಾಡಿಕೊಳ್ಳಿ, ಆಗ ಬಿಲ್ಲು ಬಚ್ಚಿಡುವ ಪ್ರಸಂಗವೇ ಬರುವುದಿಲ್ಲ.

ಇನ್ನು ಅಟ್ಟದ ಮೇಲೆ ಮಾವನವರ ಕಾಲದ ಲೋಹದ ಕಾರು ಸಿಕ್ಕರೆ ಎಸೆಯಬೇಡಿ. 1934ರಿಂದ ಇಂಗ್ಲೆಂಡಿನಲ್ಲಿ 'ಡಿಂಕಿ ಟಾಯ್ಸ್' ಹೆಸರಿನಲ್ಲಿ ಇಂಥ ಕಾರುಗಳು ಬರುತ್ತಿದ್ದವು. ಆ ಕಂಪನಿಯ ಹಳೆಯ ಅಚ್ಚುಗಳಲ್ಲೇ ಆಮೇಲೆ ಕಲ್ಕತ್ತೆಯಲ್ಲಿ 'ನಿಕ್ಕಿ ಟಾಯ್ಸ್' ತಯಾರಾದವು. ಹಳೆಯ ಕಾರಿಗೆ ಬೆಲೆ ಬರುವುದು ಮೂಲ ಬಣ್ಣ ಮತ್ತು ಮೂಲ ಡಬ್ಬಿಯಿಂದ. ಹೊಸದಾಗಿ ಕಾಣಲಿ ಅಂತ ಬಣ್ಣ ಬಳಿದರೆ ಬೆಲೆ ಹೋಯಿತು. ಹಳೆಯ ಬಣ್ಣದಲ್ಲಿ ಸೀಸ ಇರುವ ಸಾಧ್ಯತೆ ಇರುವುದರಿಂದ ಮಕ್ಕಳ ಕೈಗೆ ಮಾತ್ರ ಕೊಡಬೇಡಿ.

ಮಳೆಗಾಲದ ಶತ್ರು

ಮಿಶ್ರಲೋಹದಲ್ಲಿ ಸೀಸದಂಥ ಕಲಬೆರಕೆ ಸೇರಿದ್ದರೆ ತೇವಾಂಶಕ್ಕೆ ಅದು ಒಳಗಿಂದೊಳಗೇ ಕೊಳೆಯುತ್ತದೆ. ಮೊದಲು ಬಣ್ಣ ಗುಳ್ಳೆ ಏಳುತ್ತದೆ, ಆಮೇಲೆ ಮೈ ಉಬ್ಬಿ ಬಿರುಕು ಬಿಡುತ್ತದೆ. ಇದಕ್ಕೆ ಮದ್ದಿಲ್ಲ. ಹಾಗಾಗಿ ಸೆಕೆಂಡ್ ಹ್ಯಾಂಡ್ ಕೊಳ್ಳುವಾಗ ಗುಳ್ಳೆ, ಕೂದಲೆಳೆಯಂಥ ಬಿರುಕು ಕಂಡರೆ ಎಷ್ಟೇ ಅಗ್ಗವಾದರೂ ಬೇಡ ಅನ್ನಿ. ಮಿಕ್ಕವನ್ನು ಕಾಪಾಡುವುದು ನಿಮ್ಮ ಕೈಯಲ್ಲೇ ಇದೆ.

ನೆನಪಿರಲಿ

* ಶೋಕೇಸ್ ಬಿಸಿಲು ಬೀಳುವ ಕಿಟಕಿಯ ಎದುರು, ಬಚ್ಚಲ ಗೋಡೆಗೆ ತಾಗಿ ಇರುವುದು ಬೇಡ. ಬಣ್ಣ ಮಾಸುತ್ತದೆ, ತೇವ ಹಿಡಿಯುತ್ತದೆ.

* ಹೊಸ ಬ್ಯಾಗು, ಚಪ್ಪಲಿ ಡಬ್ಬಿಯಲ್ಲಿ ಬರುವ ಸಿಲಿಕಾ ಜೆಲ್ ಪೊಟ್ಟಣ ಎಸೆಯದೆ ಶೋಕೇಸಿನ ಮೂಲೆಯಲ್ಲಿಡಿ. ಆದರೆ ಮಕ್ಕಳ ಕೈಗೆ ಸಿಗದಂತೆ.

* ರಬ್ಬರ್ ಟೈರು ವರ್ಷಗಟ್ಟಲೆ ಒಂದೇ ಕಡೆ ನಿಂತರೆ ಕೆಳಗಿನ ಪ್ಲಾಸ್ಟಿಕ್ಕಿಗೆ ಅಂಟಿಕೊಳ್ಳಬಹುದು. ಕಾರನ್ನು ಆಗಾಗ ಸ್ವಲ್ಪ ಸರಿಸಿ ಇಡಿ.

* ಧೂಳಿಗೆ ಮೆತ್ತನೆಯ ಮೇಕಪ್ ಬ್ರಷ್ ಸಾಕು. ಒದ್ದೆ ಬಟ್ಟೆಯಲ್ಲಿ ಉಜ್ಜುವುದು, ಥಿನ್ನರ್, ನೇಲ್ ಪಾಲಿಶ್ ರಿಮೂವರ್ ಖಂಡಿತ ಬೇಡ.

* ಎತ್ತುವಾಗ ತಳ ಹಿಡಿದು ಎತ್ತಿ. ಕನ್ನಡಿ, ರೆಕ್ಕೆ ಹಿಡಿದರೆ ಅದೊಂದೇ ಕೈಗೆ ಬಂದೀತು!

* ಡಬ್ಬಿ, ಬಿಲ್ಲು ಎರಡನ್ನೂ ಜೋಪಾನ ಮಾಡಿ. ಅಂಚೆಯಲ್ಲಿ ತರಿಸಿದ್ದಾದರೆ ಪೊಟ್ಟಣ ಬಿಚ್ಚುವಾಗಲೇ ವಿಡಿಯೋ ಮಾಡಿಕೊಳ್ಳಿ, ಮುರಿದು ಬಂದಿದ್ದರೆ ವಾಪಸು ಕೊಡಲು ಅದೇ ಸಾಕ್ಷಿ.