ಓರೆ ಎಳೆಯ ಲೆಕ್ಕ

ಉಕ್ಕಿನ ಸ್ವಭಾವ ಹೇಳಲು ಎರಡು ಸಂಖ್ಯೆ ಸಾಕು. ಜಗ್ಗಿದರೆ ಎಷ್ಟು ಬಿಗಿಯಾಗಿ ತಡೆಯುತ್ತದೆ ಎನ್ನುವುದಕ್ಕೆ ಯಂಗ್ ಗುಣಾಂಕ. ಉದ್ದಕ್ಕೆ ಹಿಗ್ಗುವಾಗ ಅಡ್ಡಕ್ಕೆ ಎಷ್ಟು ಸೊರಗುತ್ತದೆ ಎನ್ನುವುದಕ್ಕೆ ಪಾಯ್ಸಾನ್ ಅನುಪಾತ. ಯಾವ ದಿಕ್ಕಿಗೆ ಜಗ್ಗಿದರೂ ಉತ್ತರ ಅದೇ. ನಾನು ಪಾಠ ಹೇಳುವ ಮೆಕ್ಯಾನಿಕಲ್ ವಿಭಾಗದ ಮಕ್ಕಳು ಮೊದಲ ಎರಡು ವರ್ಷ ಈ ಸಮದರ್ಶಿ ಲೋಹದ ಜೊತೆಗೇ ಬೆಳೆಯುತ್ತಾರೆ. ಆಮೇಲೆ ಕಾಂಪೋಸಿಟ್ ಎಂಬ ಐಚ್ಛಿಕ ವಿಷಯ ಬರುತ್ತದೆ. "ಮೇಡಂ, ಸಾಫ್ಟ್‌ವೇರ್‌ನಲ್ಲಿ ಮೆಟೀರಿಯಲ್ ಲೈಬ್ರರಿ ಇದೆಯಲ್ಲ, ಕಾರ್ಬನ್ ಫೈಬರ್ ಅಂತ ಆರಿಸಿದರೆ ಸಾಲದಾ?" ಎಂದು ಪ್ರತಿ ಬ್ಯಾಚಿನಲ್ಲೂ ಯಾರಾದರೊಬ್ಬರು ಕೇಳಿಯೇ ಕೇಳುತ್ತಾರೆ. ಯಾವ ಕಡೆಗೆ ಮುಖ ಮಾಡಿದ ಕಾರ್ಬನ್ ಫೈಬರಪ್ಪಾ ಅದು ಎಂದು ನಾನು ತಿರುಗಿ ಕೇಳುತ್ತೇನೆ.

ಕಾರ್ಬನ್ ಎಳೆಯ ದಪ್ಪ ಸುಮಾರು 7 ಮೈಕ್ರಾನ್, ತಲೆಗೂದಲಿನ ಹತ್ತರಲ್ಲೊಂದು ಪಾಲು. ಇಂಥ ಎಳೆಗಳನ್ನು ಒಂದೇ ದಿಕ್ಕಿಗೆ ಹಾಸಿ ಎಪಾಕ್ಸಿ ಎಂಬ ರಾಳದಲ್ಲಿ ಹುದುಗಿಸಿದರೆ ಕಾಂಪೋಸಿಟ್‌ನ ಒಂದು ಪದರವಾಗುತ್ತದೆ. ಅದು ಒಂದು ಮಿಲಿಮೀಟರಿನ ಎಂಟರಲ್ಲೊಂದು ಪಾಲಿನಷ್ಟು ತೆಳು. ಆದರೂ ಒಂದು ಮೀಟರ್ ಅಗಲದ ಪದರವನ್ನು ಅಡ್ಡಕ್ಕೆ ಕೊಯ್ದರೆ ಸುಮಾರು 20 ಲಕ್ಷ ಎಳೆಗಳ ತುದಿ ಕಾಣಬೇಕು. ವಿಮಾನದ ರೆಕ್ಕೆಯಲ್ಲಿ ಇಂಥ ಪದರಗಳು ಹತ್ತಾರು. ಒಂದೊಂದು ಎಳೆಯನ್ನೂ ಲೆಕ್ಕಕ್ಕೆ ಹಿಡಿಯಹೊರಟರೆ ಕಂಪ್ಯೂಟರೂ ಕೈಚೆಲ್ಲುತ್ತದೆ. ಹಾಗಾಗಿ ಗಣಿತ ಎಳೆಗಳನ್ನೆಲ್ಲ ಮರೆತು ಅವುಗಳ ದಿಕ್ಕನ್ನಷ್ಟೇ ನೆನಪಿಟ್ಟುಕೊಳ್ಳುತ್ತದೆ. ಪದರವನ್ನು ಒಂದೇ ಸಮನಾದ ಹಾಳೆ ಎಂದುಕೊಂಡು, ಉದ್ದಕ್ಕೊಂದು ಬಿಗಿತ, ಅಡ್ಡಕ್ಕೊಂದು ಬಿಗಿತ ಕೊಡುತ್ತದೆ.

ಎಷ್ಟೆಷ್ಟು? ಕಾಗದ ಪೆನ್ಸಿಲ್ ಸಾಕು. ಕಾರ್ಬನ್ ಬದಲು ಗಾಜಿನ ಎಳೆ ತೆಗೆದುಕೊಳ್ಳೋಣ. ಅದರ ಬಿಗಿತ 72 ಗಿಗಾಪಾಸ್ಕಲ್, ರಾಳದ್ದು 3.5 ಎಂದಿಟ್ಟುಕೊಳ್ಳಿ, ನೂರರಲ್ಲಿ ಅರವತ್ತು ಪಾಲು ಗಾಜು. ಎಳೆಯ ಉದ್ದಕ್ಕೆ ಜಗ್ಗಿದಾಗ ಎರಡೂ ಅಂಟಿಕೊಂಡೇ ಹಿಗ್ಗಬೇಕು, ಆದ್ದರಿಂದ ಪಾಲಿಗೆ ತಕ್ಕ ಸರಾಸರಿ ತೆಗೆದರಾಯಿತು: 44.6. ಅಡ್ಡಕ್ಕೆ ಜಗ್ಗಿದಾಗ ಎರಡರ ಮೇಲೂ ಒಂದೇ ಸೆಳೆತ, ಹಿಗ್ಗುವ ಕೆಲಸವನ್ನೆಲ್ಲ ಮೆತ್ತನೆಯ ರಾಳವೇ ಮಾಡುತ್ತದೆ. ಆಗ ಬರುವ ಉತ್ತರ ಬರೀ 8.2. ಮೊದಲನೆಯ ಊಹೆಗೆ ಜರ್ಮನಿಯ ಫೋಗ್ಟ್ ಹೆಸರಿದೆ, ಎರಡನೆಯದು ರಾಯ್ಸ್ 1929ರಲ್ಲಿ ಮಾಡಿದ್ದು. ಇಬ್ಬರೂ ಯೋಚಿಸುತ್ತಿದ್ದುದು ಹರಳುಗಳ ಬಗ್ಗೆ. ಉದ್ದದ ಉತ್ತರವನ್ನು ಪ್ರಯೋಗಶಾಲೆ ಒಪ್ಪುತ್ತದೆ. ಅಡ್ಡದ್ದನ್ನು ಅಷ್ಟಾಗಿ ಒಪ್ಪುವುದಿಲ್ಲ, ನಿಜವಾದ ಬಿಗಿತ ಸಾಮಾನ್ಯವಾಗಿ ಇನ್ನೂ ಸ್ವಲ್ಪ ಹೆಚ್ಚು. 1960ರ ದಶಕದಲ್ಲಿ ಹಾಲ್ಪಿನ್ ಮತ್ತು ತ್ಸಾಯ್ ಸೂತ್ರದೊಳಗೆ ಒಂದು ಹೊಂದಾಣಿಕೆಯ ಸಂಖ್ಯೆ ಸೇರಿಸಿ ಈ ಅಂತರ ಮುಚ್ಚಿದರು. ಇದು ತೇಪೆ ಹಾಕುವ ಕೆಲಸ ಎಂದು ಮೂಗು ಮುರಿಯುವವರಿದ್ದಾರೆ. ನನಗಂತೂ ಅದು ಪ್ರಾಮಾಣಿಕ ತೇಪೆ.

ಉದ್ದದ ಬಿಗಿತ, ಅಡ್ಡದ ಬಿಗಿತ, ಪಾಯ್ಸಾನ್ ಅನುಪಾತ: ಇವಿಷ್ಟಕ್ಕೆ ಶಿಯರ್ ಗುಣಾಂಕ ಸೇರಿದರೆ ತೆಳು ಪದರದ ಜಾತಕ ಪೂರ್ತಿ. ಚೌಕವನ್ನು ವಾರೆಗೆ ತಳ್ಳಲು ಎಷ್ಟು ಬಲ ಬೇಕೆಂದು ಹೇಳುವುದು ಈ ನಾಲ್ಕನೆಯದು. ವಿದ್ಯಾರ್ಥಿಗಳು ಇದನ್ನು ಕಡೆಗಣಿಸುತ್ತಾರೆ. ಅವರಿಗೆ ನಾನು ಕೊಡುವುದು ಒಂದು ಕರವಸ್ತ್ರ. ಹಾಸು ನೂಲಿನ ಗುಂಟ ಜಗ್ಗಿದರೆ ಅದು ಜಪ್ಪಯ್ಯ ಎನ್ನುವುದಿಲ್ಲ. ಮೂಲೆಯಿಂದ ಮೂಲೆಗೆ ಜಗ್ಗಿದರೆ ಸಲೀಸಾಗಿ ಉದ್ದವಾಗುತ್ತದೆ. ರವಿಕೆಯ ಕತ್ತಿಗೆ ಕ್ರಾಸ್ ಪಟ್ಟಿ ಹೊಲಿಯುವ ಟೈಲರ್‌ಗಳಿಗೆ ಇದು ಎಂದಿನಿಂದಲೂ ಗೊತ್ತು.

ಕಾರ್ಬನ್ ಪದರದಲ್ಲಿ ಇದರ ಪರಿಣಾಮ ದುಬಾರಿ. ಉದ್ದಕ್ಕೆ 139, ಅಡ್ಡಕ್ಕೆ 10, ಶಿಯರ್ 5 ಗಿಗಾಪಾಸ್ಕಲ್ ಇರುವ ಪದರವನ್ನು ಎಳೆಗಳಿಂದ 10 ಡಿಗ್ರಿ ಓರೆಯಾಗಿ ಜಗ್ಗಿದರೆ ಬಿಗಿತ ಸುಮಾರು 80ಕ್ಕೆ ಇಳಿಯುತ್ತದೆ. ಹತ್ತೇ ಡಿಗ್ರಿ! ಆಗ ಕಾಣುವ ಹಿಗ್ಗಿನಲ್ಲಿ ಅರ್ಧದ ಹತ್ತಿರ ಆ ಕಡೆಗಣಿಸಿದ ಸಂಖ್ಯೆಯದೇ ಕೊಡುಗೆ. 45 ಡಿಗ್ರಿಗೆ ಉಳಿಯುವುದು 13 ಮಾತ್ರ.

ಇನ್ನೊಂದು ವಿಚಿತ್ರವೂ ಇದೆ. ಓರೆ ಎಳೆಯ ಪಟ್ಟಿಯನ್ನು ನೆಟ್ಟಗೆ ಜಗ್ಗಿದರೂ ಅದು ನೆಟ್ಟಗೆ ಹಿಗ್ಗದೆ ವಾರೆಯಾಗಲು ನೋಡುತ್ತದೆ. ಪರೀಕ್ಷಾ ಯಂತ್ರದ ಹಿಡಿಕೆಗಳು ಅದಕ್ಕೆ ಆಸ್ಪದ ಕೊಡದೆ ಬಿಗಿಹಿಡಿದಿರುವುದರಿಂದ ಪಟ್ಟಿ 'ಎಸ್' ಅಕ್ಷರದಂತೆ ತುಸುವೇ ಡೊಂಕಾಗುತ್ತದೆ. ಉಕ್ಕು ಹೀಗೆಂದೂ ಮಾಡದು. ವಿನ್ಯಾಸಕಾರರಿಗೆ ಇದು ತಲೆನೋವು, ಅದಕ್ಕೇ +45 ಡಿಗ್ರಿಯ ಪ್ರತಿ ಪದರಕ್ಕೂ −45ರ ಜೊತೆಗಾರನನ್ನು ಇಟ್ಟು ವಾರೆತನವನ್ನು ವಜಾ ಮಾಡುತ್ತಾರೆ. ನಾವು ಪಾಠದಲ್ಲಿ ಹೇಳಿಕೊಡುವುದೂ ಅದನ್ನೇ.

ವಜಾ ಮಾಡದೆ ಉಳಿಸಿಕೊಂಡವರ ಕಥೆ ಹೆಚ್ಚು ರುಚಿ. ರೆಕ್ಕೆ ಹಿಂದಕ್ಕೆ ಬಾಗುವ ಬದಲು ಮುಂದಕ್ಕೆ ಚಾಚಿದ ವಿಮಾನ ಬೇಕೆಂಬ ಆಸೆ ಹಳೆಯದು. ಜರ್ಮನಿಯ ಯುಂಕರ್ಸ್ ಕಂಪನಿ 1944ರಲ್ಲೇ ಒಂದನ್ನು ಹಾರಿಸಿತ್ತು. ತೊಡಕೇನೆಂದರೆ, ಗಾಳಿಯ ಬಲಕ್ಕೆ ಅಂಥ ರೆಕ್ಕೆಯ ತುದಿ ಮೇಲೆದ್ದಾಗ ಅದರ ಮುಂದಿನ ಅಂಚೂ ಮೇಲಕ್ಕೆ ತಿರುಚಿಕೊಳ್ಳುತ್ತದೆ. ತಿರುಚಿದಷ್ಟೂ ಗಾಳಿ ಇನ್ನಷ್ಟು ಎತ್ತುತ್ತದೆ, ಎತ್ತಿದಷ್ಟೂ ತಿರುಚು. ವೇಗ ಮಿತಿಮೀರಿದರೆ ರೆಕ್ಕೆ ಕಿತ್ತುಹೋಗುತ್ತದೆ. ಲೋಹದಲ್ಲಿ ಇದನ್ನು ತಡೆಯಲು ರೆಕ್ಕೆಯನ್ನು ಹೊರಲಾರದಷ್ಟು ಭಾರ ಮಾಡಬೇಕು. ಅಮೆರಿಕದ ಗ್ರಮನ್ ಕಂಪನಿಯ ಎಕ್ಸ್-29 ವಿಮಾನದಲ್ಲಿ ಕಾರ್ಬನ್ ಪದರಗಳನ್ನು ಬೇಕೆಂತಲೇ ಓರೆಯಾಗಿ ಹಾಸಿದರು. ರೆಕ್ಕೆ ಮೇಲಕ್ಕೆ ಬಾಗಿದರೆ, ಆ ಬಾಗುವಿಕೆಯೇ ಮುಂದಿನ ಅಂಚನ್ನು ಕೆಳಕ್ಕೆ ತಿರುಚಲು ನೋಡುವಂತೆ ಕೋನ ಆರಿಸಿದ್ದರು. ಮೋಟಾರಿಲ್ಲ, ಕೀಲಿಲ್ಲ, ಗಾಳಿಯ ತಿರುಚಿಗೆ ಎದುರು ನಿಂತದ್ದು ಸಮೀಕರಣದಲ್ಲಿ ಎಲ್ಲರೂ ಸೊನ್ನೆ ಮಾಡಲು ಹೆಣಗುವ ಆ ಒಂದು ಪದ. 1984ರ ಡಿಸೆಂಬರಿನಲ್ಲಿ ಕ್ಯಾಲಿಫೋರ್ನಿಯಾದ ಎಡ್ವರ್ಡ್ಸ್ ನೆಲೆಯಿಂದ ಅದು ಹಾರಿತು.

ನಮ್ಮ ಬೆಂಗಳೂರಿನಿಂದ 2001ರ ಜನವರಿ 4ರಂದು ಮೊದಲು ಹಾರಿದ ತೇಜಸ್ ಯುದ್ಧವಿಮಾನದ ಒಡಲಿನ ತೂಕದಲ್ಲೂ ನೂರಕ್ಕೆ ಸುಮಾರು 45 ಪಾಲು ಕಾಂಪೋಸಿಟ್. ಈ ಉದಾಹರಣೆ ಕೊಟ್ಟ ದಿನ ತರಗತಿಯ ಹಿಂದಿನ ಬೆಂಚೂ ಎಚ್ಚರವಾಗಿರುತ್ತದೆ.

ಸಿಲಬಸ್‌ನಲ್ಲಿಲ್ಲದ ಒಂದು ವಿಷಯವನ್ನು ಕೊನೆಯ ವಾರಕ್ಕೆ ಉಳಿಸಿಕೊಂಡಿರುತ್ತೇನೆ. ರಕ್ತನಾಳದ ಗೋಡೆಯೂ ಎಳೆ ತುಂಬಿದ ವಸ್ತುವೇ. ಕೊಲಾಜನ್ ಎಳೆಗಳ ಎರಡು ತಂಡಗಳು ಎಡಕ್ಕೊಂದು, ಬಲಕ್ಕೊಂದು ಸುರುಳಿಯಾಗಿ ನಾಳವನ್ನು ಸುತ್ತಿರುತ್ತವೆ. ಹೋಲ್ಜಾಪ್ಫೆಲ್, ಗ್ಯಾಸರ್, ಆಗ್ಡೆನ್ ಎಂಬ ಮೂವರು 2000ನೇ ಇಸವಿಯಲ್ಲಿ ಇದಕ್ಕೊಂದು ಮಾದರಿ ಕೊಟ್ಟರು. ಅಲ್ಲಿ ನಮ್ಮ ನಾಲ್ಕು ಸಂಖ್ಯೆಯ ಆಟ ನಡೆಯದು, ಏಕೆಂದರೆ ನಾಳ ಹಿಗ್ಗಿದಷ್ಟೂ ಇನ್ನಷ್ಟು ಬಿಗಿಯಾಗುತ್ತದೆ. ಮುದುರಿಕೊಂಡಿದ್ದ ಎಳೆಗಳು ನೆಟ್ಟಗಾಗುತ್ತ ಭಾರ ಹೊರತೊಡಗುತ್ತವೆ, ಬಿಗಿತ ಘಾತೀಯವಾಗಿ ಏರುತ್ತದೆ. ಎಳೆ ಸಡಿಲವಾಗಿದ್ದಾಗ ಮಾತ್ರ ಅದರ ಪಾಲನ್ನು ಸೊನ್ನೆ ಎಂದು ಬರೆದುಬಿಡುತ್ತಾರೆ.